ತಣ್ಣನೆಯ ಬೆವರು

ಕುತಾಯಿಸಿಯಲ್ಲಿ, ಬಿಳಿ ಸೇತುವೆ ದಾಟಿದರೆ
ಮೂರು ಮೆಟ್ಟಿಲು ಕೆಳಗೆ ನಮ್ಮ ಅಂಗಡಿ.
ನಡುವೆ ಮಣ್ಣಿನ ಒಲೆ, ತೋನೆ,
ಬಾಯ್ತೆರೆದ ದೊಡ್ಡ ಹಂಡೆಯ ಹಾಗೆ.
ಆನ್ಜೋರ್ ಅದರೊಳಕ್ಕೆ ಸೊಂಟದವರೆಗೂ ಬಾಗಿ
ದೋಣಿಯಂಥ ರೊಟ್ಟಿಯನ್ನು ಒಳಗೋಡೆಗೆ ಬಡಿದು
ಮೇಲೇಳುತ್ತಾನೆ. ಮತ್ತೆ ಬಾಗುತ್ತಾನೆ.
ಮೂವತ್ತೊಂದು ವರ್ಷ.
ನಾನು ಕಿಟಕಿಯಲ್ಲಿ ಚಿಲ್ಲರೆ ಎಣಿಸುತ್ತೇನೆ.

ಶನಿವಾರ ನಸುಕಿಗೇ ಅಂದ: "ಎದೆಯುರಿ, ಲಾಮಾರಾ.
ನಿನ್ನ ರಾತ್ರಿಯ ಕಾಳುಪಲ್ಯದ ಕಿತಾಪತಿ."
ಬೋರ್ಜೋಮಿ ನೀರು ಅರ್ಧ ಬಾಟಲಿ ಕುಡಿದ,
ತೇಗಿಗೆ ಕಾದ. ತೇಗು ಬಂತು.
ಉರಿ ಹೋಗಲಿಲ್ಲ.

"ನೋವಾ?"
"ನೋವಲ್ಲ. ಹಿಟ್ಟಿನ ಮೂಟೆ ಇಟ್ಟ ಹಾಗೆ.
ಅದರ ಮೇಲೆ ಯಾರೋ ಕೂತ ಹಾಗೆ."
ನೋವಲ್ಲ ಅಂದನಲ್ಲ, ನನಗೂ ಸಮಾಧಾನ!
ನೋವೆಂದರೆ ಚುಚ್ಚಬೇಕು, ಚೀರಿಸಬೇಕು,
ಸಿನಿಮಾದವರ ಹಾಗೆ ಅಂಗಿ ಹಿಡಿದು ಬೀಳಿಸಬೇಕು
ಎಂದುಕೊಂಡವಳು ನಾನು.
ಇವನು ನಿಂತಿದ್ದ. ರೊಟ್ಟಿ ಬಡಿಯುತ್ತಲೇ ಇದ್ದ.
ಆದರೆ ಬಲಗೈಯಲ್ಲಿ.
ಹುಟ್ಟಾ ಎಡಚ ಅವನು.
ದೋಣಿಗಳೆಲ್ಲ ಸೊಟ್ಟಗೆ.

ದವಡೆ ತಿಕ್ಕಿಕೊಂಡು ಅಂದ, "ಹಲ್ಲು ಬೇರೆ ಸೆಳೀತಿದೆ."
ಆ ಹಲ್ಲನ್ನು ಕಳೆದ ಈಸ್ಟರಿಗೇ ಕಿತ್ತಾಗಿತ್ತು.

ಹಣೆ ಒರೆಸಹೋದೆ.
ಬೆಂಕಿಯೆದುರು ಬೆವರಿದ ಅವನ ಮೈ
ನನಗೆ ಗೊತ್ತಿಲ್ಲವೇ? ಆ ಬೆವರು ಬಿಸಿ, ಹಿಟ್ಟು ಹಿಟ್ಟು.
ಇದು ತಣ್ಣಗಿತ್ತು.
ಬಾವಿಯ ಒಳಗೋಡೆ ಮುಟ್ಟಿದಂತೆ
ತಣ್ಣಗೆ.

ನೂರ ಹನ್ನೆರಡು ಒತ್ತಿದೆ. ಎಳೆಯ ದನಿಯೊಂದು:
"ಎಷ್ಟು ಹೊತ್ತಿನಿಂದ?"
"ಮೂರು ಒಲೆ ರೊಟ್ಟಿಯಷ್ಟು."
"ನಿಮಿಷದಲ್ಲಿ ಹೇಳಿ, ಅಮ್ಮಾ."
"ನಲವತ್ತು."
ನಲವತ್ತು ನನ್ನ ಬಾಯಿಂದಲೇ ಕೇಳಿಸಿದಾಗ
ಎದೆ ಝಲ್ಲೆಂದದ್ದು ನನ್ನದು.

ಉಸಿರು ಹತ್ತುತ್ತಿದೆಯೇ? ತೋಳಿಗೆ ಹಬ್ಬಿದೆಯೇ?
ಆಸ್ಪಿರಿನ್ ಒಗ್ಗದೇ? ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ?
ಇಲ್ಲವಾದರೆ ಒಂದು ಅಗಿಯಲಿ, ನುಂಗುವುದಲ್ಲ, ಅಗಿಯಲಿ.
ಕೂರಿಸಿ. ಮೆಟ್ಟಿಲು ಹತ್ತಿಸಬೇಡಿ.

ಕಿಟಕಿಯಾಚೆಯಿಂದ ಜುಂಬೇರ್ ಕೂಗಿದ,
"ನನ್ನ ವ್ಯಾನಿದೆ, ಏಳೇ ನಿಮಿಷ, ಹಾರಿಸಿಬಿಡ್ತೀನಿ!"
ಫೋನಿನ ಹುಡುಗಿಗೂ ಕೇಳಿಸಿತು:
"ದಾರಿಯಲ್ಲಿ ಗುಂಡಿಗೆ ನಿಂತರೆ
ಆ ವ್ಯಾನಿನಲ್ಲಿ ಏನಿದೆ?"
ಜುಂಬೇರನ ವ್ಯಾನಿನಲ್ಲಿ ಇದ್ದದ್ದು
ಹದಿನಾರು ಸೀಟು, ಒಂದು ದೇವರ ಪಟ.

"ಇದೊಂದು ಒಲೆ ಮುಗಿಸಿಬಿಡ್ತೀನಿ," ಎಂದು ಎದ್ದ ಮಹಾರಾಯ.
ಸಲಾಕೆ ಕಿತ್ತುಕೊಂಡೆ. ಬೈದೆ, ಅವನ ತಾಯಿಯ ಮಾತಿನಲ್ಲೇ ಬೈದೆ.
ಎದೆಗಾರಿಕೆ ಎನ್ನುತ್ತೇವಲ್ಲ,
ಆ ಗಂಡಸಿಗೆ ಹಿಟ್ಟಿನ ಮೂಟೆಗೆ ಒರಗಿ
ಸುಮ್ಮನೆ ಕೂರಲು
ಅದು ಎಷ್ಟು ಬೇಕಾಯಿತೋ.

ಆಸ್ಪತ್ರೆಯ ಓಣಿಯಲ್ಲಿ ಒಬ್ಬಳು ಹುಡುಗಿ ಅಳುತ್ತಿದ್ದಳು.
ಎದೆನೋವೆಂದು ಬಂದಿದ್ದಳಂತೆ.
ಸೂಟ್‌ಕೇಸು ಎತ್ತಿ ಸ್ನಾಯು ಉಳುಕಿದ್ದು, ಅಷ್ಟೇ.
"ಎಲ್ಲರ ಸಮಯ ಹಾಳುಮಾಡಿದೆ," ಎನ್ನುತ್ತಿದ್ದಳು.
ದಾದಿ ಅವಳ ಕೋಟಿನ ಗುಂಡಿ ಹಾಕುತ್ತಾ ಅಂದಳು:
"ನಾಚಿಕೊಂಡು ಮನೆಗೆ ಹೋಗೋದು
ಇಲ್ಲಿ ಸಿಗುವ ಅತ್ಯುತ್ತಮ ಔಷಧಿ ಕಣೇ.
ಯಾವುದು ಸ್ನಾಯು, ಯಾವುದು ಹೃದಯ
ಅಂತ ಯಂತ್ರ ಇಟ್ಟು ನೋಡಿದ ಮೇಲೆ ನಮಗೇ ಗೊತ್ತಾಗೋದು.
ನಿನಗೆ ಮನೇಲೇ ಹೇಗೆ ಗೊತ್ತಾಗಬೇಕು?"

ಮೂರನೆಯ ದಿನ, ತೊಡೆಸಂದಿಗೆ ಬ್ಯಾಂಡೇಜು ಸುತ್ತಿಕೊಂಡು,
ರಕ್ತನಾಳದೊಳಗೊಂದು ಪುಟ್ಟ ಜಾಲರಿ ಹೊತ್ತು,
ಅವನು ಕೇಳಿದ ಮೊದಲ ಪ್ರಶ್ನೆ:
"ಒಲೇಲಿ ಎಷ್ಟಿತ್ತು?"
"ಹದಿನಾಲ್ಕು."
ಗೋಡೆಯ ಕಡೆ ಹೊರಳಿದ. ಭುಜ ಅಲುಗಿತು,
ನಗುವೋ ಅಳುವೋ, ನಾನು ಕೇಳಲಿಲ್ಲ.

ಸಂಜೆ ಬಂದು ಒಲೆ ಕೆರೆದೆ.
ಇದ್ದಿಲಾದ ದೋಣಿಗಳು ಒಂದೊಂದಾಗಿ ಕಳಚಿದವು.
ಒಂದು ಮಾತ್ರ, ಸೊಟ್ಟಗಿನದು,
ಗೋಡೆ ಬಿಡಲೇ ಇಲ್ಲ.
ಇರಲಿ ಎಂದು ಬಿಟ್ಟಿದ್ದೇನೆ.